ಗರ್ಭಕೋಶದ ಬಾಯಿಯಲ್ಲಿ ಗುಳ್ಳೆ ಇದೆಯಂತೆ, ತೆಗೆಸಬೇಕೆ?

ಪ್ರಶ್ನೆ: ನನಗೆ 42 ವರ್ಷ. ಇಬ್ಬರು ಮಕ್ಕಳು, ಎರಡೂ ಸಹಜ ಹೆರಿಗೆ. ಆರು ತಿಂಗಳಿಂದ ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆ, ಆಗಾಗ ಬಿಳಿಸೆರಗೂ ಇದೆ. ಹತ್ತಿರದ ಪಟ್ಟಣದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ‘ಸರ್ವಿಕ್ಸ್ ಬಲ್ಕಿ, ಹಲವು ನಾಬೋಥಿಯನ್ ಸಿಸ್ಟ್‌ಗಳು, ದೊಡ್ಡದು 11 ಮಿ.ಮೀ.’ ಎಂದು ಬರೆದುಕೊಟ್ಟಿದ್ದಾರೆ. ವರದಿ ನೋಡಿದ ವೈದ್ಯರು, ‘ಹೇಗೂ ಮಕ್ಕಳಾಗಿವೆ, ಮುಂದೆ ಕ್ಯಾನ್ಸರ್ ಆಗುವ ಬದಲು ಗರ್ಭಕೋಶ ತೆಗೆಸಿಬಿಡಿ’ ಎಂದರು. ನಮ್ಮ ಅತ್ತೆಯ ತಂಗಿ ಗರ್ಭಕಂಠದ ಕ್ಯಾನ್ಸರ್‌ನಿಂದಲೇ ತೀರಿಕೊಂಡವರು. ಮನೆಯವರೆಲ್ಲ ಆಪರೇಷನ್ ಮಾಡಿಸಿಕೊ ಎನ್ನುತ್ತಿದ್ದಾರೆ. ಈ ಗುಳ್ಳೆ ಏನು? ಒಡೆದರೆ ಅಪಾಯವೆ? ಮಾತ್ರೆಯಲ್ಲಿ ಕರಗುವುದಿಲ್ಲವೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ: ಗುಳ್ಳೆ, ಬಿಳಿಸೆರಗು, ಹೆಚ್ಚಿನ ರಕ್ತಸ್ರಾವ. ಸಲಹೆ ಕೊಟ್ಟವರು ಮೂರಕ್ಕೂ ಒಂದೇ ಮದ್ದು ಹೇಳಿಬಿಟ್ಟಿದ್ದಾರೆ. ನಾವು ಗಂಟು ಬಿಚ್ಚಿ ನೋಡೋಣ. ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಾಬೋಥಿಯನ್ ಸಿಸ್ಟ್ ಕ್ಯಾನ್ಸರ್ ಅಲ್ಲ. ಬೆಳೆಯುತ್ತ ಹೋಗಿ ಕ್ಯಾನ್ಸರ್ ಆಗುವಂಥದ್ದೂ ಅಲ್ಲ. ಅದೊಂದೇ ಕಾರಣಕ್ಕೆ ಗರ್ಭಕೋಶ ತೆಗೆಸುವ ಅಗತ್ಯವಿಲ್ಲ. ಕರಗಿಸುವ ಮಾತ್ರೆ ಇಲ್ಲ, ಕರಗಿಸಬೇಕಾಗಿಯೂ ಇಲ್ಲ.

ಈ ಗುಳ್ಳೆ ಹುಟ್ಟುವ ಬಗೆ ತಿಳಿದರೆ ಅರ್ಧ ಭಯ ತಾನಾಗಿ ಇಳಿಯುತ್ತದೆ. ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಪೇರಲೆ ಹಣ್ಣು ಎಂದುಕೊಳ್ಳಿ. ಅದರ ಕೆಳತುದಿಯ ಕಿರಿದಾದ ಕೊರಳೇ ಗರ್ಭಕಂಠ, ನಿಮ್ಮ ವರದಿಯ ‘ಸರ್ವಿಕ್ಸ್’, ನಮ್ಮ ಮನೆಮಾತಿನಲ್ಲಿ ಗರ್ಭಕೋಶದ ಬಾಯಿ. ಇದಕ್ಕೆ ಎರಡು ಬಗೆಯ ಹೊದಿಕೆ ಇದೆ. ಒಳಗಿನ ಕಾಲುವೆಯ ಗೋಡೆಗೆ ಒಂದೇ ಸಾಲಿನ, ಉದ್ದನೆಯ, ಲೋಳೆ ಸುರಿಸುವ ಜೀವಕೋಶಗಳು. ಈ ಹೊದಿಕೆ ಸಪಾಟಾಗಿರುವುದಿಲ್ಲ. ಸೀರೆಯ ನಿರಿಗೆಯಂತೆ ಒಳಕ್ಕೆ ಮಡಚಿಕೊಂಡು ಸಣ್ಣ ಸಣ್ಣ ಸಂದುಗಳನ್ನು ಮಾಡಿಕೊಂಡಿರುತ್ತದೆ. ಯೋನಿಯ ಕಡೆಗೆ ಮುಖ ಮಾಡಿರುವ ಹೊರಭಾಗಕ್ಕೆ ಮಾತ್ರ ಹಲವು ಪದರಗಳ, ಬಾಯಿಯ ಒಳಚರ್ಮದಂಥ ಗಟ್ಟಿ ಹೊದಿಕೆ.

ಎರಡೂ ಸೇರುವ ಗಡಿ ಒಂದೇ ಕಡೆ ನಿಲ್ಲುವುದಿಲ್ಲ. ಮೈನೆರೆದಾಗ, ಬಸುರಿಯಾದಾಗ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಗರ್ಭಕಂಠ ಉಬ್ಬುತ್ತದೆ. ತುಟಿ ಹೊರಚಾಚಿದಂತೆ ಒಳಗಿನ ಲೋಳೆಯ ಹೊದಿಕೆ ಹೊರಕ್ಕೆ ಬರುತ್ತದೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳಿಂದಾಗಿ ಸದಾ ಹುಳಿಯ ವಾತಾವರಣ. ಒಂದೇ ಸಾಲಿನ ಆ ನಾಜೂಕು ಕೋಶಗಳಿಗೆ ಈ ಹುಳಿ ಹಿಡಿಸುವುದಿಲ್ಲ. ಆಗ ದೇಹ ಅಲ್ಲಿ ನಿಧಾನವಾಗಿ ಗಟ್ಟಿ ಹೊದಿಕೆಯನ್ನು ಬೆಳೆಸುತ್ತದೆ. ಆ ಹೊಸ ಪದರ ಹರಡುತ್ತ ಬಂದಾಗ ಕೆಳಗಿನ ಕೆಲವು ಸಂದುಗಳ ಬಾಯಿ ಮುಚ್ಚಿಹೋಗುತ್ತದೆ. ಅಂಗಳ ಸಾರಿಸುವಾಗ ಇರುವೆಗೂಡಿನ ಬಾಯಿಯ ಮೇಲೂ ಸಗಣಿ ಬಳಿದುಹೋಗುವುದಿಲ್ಲವೆ, ಹಾಗೆ. ಮೇಲೆ ಬಾಯಿ ಮುಚ್ಚಿದರೂ ಒಳಗಿನ ಕೋಶಗಳು ಲೋಳೆ ಸುರಿಸುವುದನ್ನು ಬಿಡುವುದಿಲ್ಲ. ಹೊರದಾರಿ ಇಲ್ಲದ ಲೋಳೆ ಅಲ್ಲೇ ತುಂಬಿಕೊಂಡು ಗುಂಡಗಾಗುತ್ತದೆ. ಅದೇ ನಾಬೋಥಿಯನ್ ಸಿಸ್ಟ್. ನಿಮ್ಮ ಹನ್ನೊಂದು ಮಿಲಿಮೀಟರಿನ ಗುಳ್ಳೆಯ ಚರಿತ್ರೆ ಇಷ್ಟೇ. ಹೆರಿಗೆಯಲ್ಲಿ ಆದ ಸಣ್ಣ ಸೀಳು ಮಾಯುವಾಗಲೂ, ಯಾವಾಗಲೋ ಆದ ಸೋಂಕು ವಾಸಿಯಾಗುವಾಗಲೂ ಹೀಗೆಯೇ ಆಗುತ್ತದೆ. ಎರಡು ಹೆರಿಗೆಯಾದ ನಲವತ್ತರ ಹೆಣ್ಣಿನಲ್ಲಿ ಇವು ಕಾಣದಿದ್ದರೇ ನನಗೆ ಸ್ವಲ್ಪ ಆಶ್ಚರ್ಯ.

ನಿಮಗೆ ಕಾಣದ, ನಮಗೆ ಮಾತ್ರ ಕಾಣುವ ನೋಟವೊಂದನ್ನು ಹೇಳುತ್ತೇನೆ. ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಸ್ಪೆಕ್ಯುಲಮ್ ಎಂಬ ಸಾಧನ ಹಾಕಿ ದೀಪ ಹಿಡಿದಾಗ ಗುಲಾಬಿ ಬಣ್ಣದ ದುಂಡನೆಯ ಗರ್ಭಕಂಠದ ಮೇಲೆ ಅಲ್ಲೊಂದು ಇಲ್ಲೊಂದು ಬೆಂದ ಸಬ್ಬಕ್ಕಿ ಅಂಟಿಸಿದಂತೆ ಇರುತ್ತದೆ. ಕೆಲವು ಬಿಳಿ, ಕೆಲವು ತಿಳಿಹಳದಿ, ಆಳದಲ್ಲಿರುವವು ಸ್ವಲ್ಪ ನೀಲಿ ಛಾಯೆಯವು. ಕಾಲ್ಪೊಸ್ಕೋಪ್ ಎಂಬ ದೂರದಿಂದ ಹಿಗ್ಗಿಸಿ ತೋರಿಸುವ ಯಂತ್ರದಲ್ಲಿ ನೋಡಿದರೆ ಗುಳ್ಳೆಯ ಬೆನ್ನ ಮೇಲೆ ರಕ್ತನಾಳಗಳು ಅರಳಿ ಎಲೆಯ ನರಗಳಂತೆ ಕವಲೊಡೆದು, ತುದಿಗೆ ಹೋದಂತೆ ಸಣ್ಣಗಾಗುತ್ತ ಹೋಗುತ್ತವೆ. ಈ ಕ್ರಮಬದ್ಧತೆಯೇ ನಮಗೆ ಸಮಾಧಾನ ಕೊಡುವ ಗುರುತು. ಕ್ಯಾನ್ಸರಿನ ರಕ್ತನಾಳಗಳಿಗೆ ಇಂಥ ಶಿಸ್ತು ಇರುವುದಿಲ್ಲ. ದಪ್ಪ ಸಣ್ಣ ಎನ್ನದೆ, ಹೇಗೆಂದರೆ ಹಾಗೆ ತಿರುಚಿಕೊಂಡಿರುತ್ತವೆ. ಅಪರೂಪಕ್ಕೆ ಸೂಜಿ ಚುಚ್ಚಿ ಬಿಡಿಸಬೇಕಾಗಿ ಬಂದರೆ ಹೊರಬರುವುದು ಲೋಳೆಸರದ ತಿರುಳಿನಂಥ ತಿಳಿಯಾದ ಅಂಟು. ಕೀವಲ್ಲ, ಕೆಟ್ಟ ರಕ್ತವಲ್ಲ. ‘ಒಡೆದರೆ ವಿಷ ಹರಡುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ತಾನಾಗಿ ಒಡೆದರೆ ಒಂದಷ್ಟು ಲೋಳೆ ಹೋಗಬಹುದು, ಬಹುತೇಕರಿಗೆ ಅದು ಗೊತ್ತಾಗುವುದೂ ಇಲ್ಲ.

ಹೆಸರಿನ ಹಿಂದೆಯೂ ಒಂದು ತಪ್ಪು ತಿಳಿವಳಿಕೆಯ ಕತೆ ಇದೆ. ಜರ್ಮನಿಯ ಲೈಪ್‌ಜಿಗ್‌ನ ಮಾರ್ಟಿನ್ ನಾಬೋತ್ ಎಂಬ ವೈದ್ಯ 1707ರಲ್ಲಿ ಹೆಣ್ಣಿನ ಬಂಜೆತನದ ಕುರಿತ ತನ್ನ ಪುಸ್ತಕದಲ್ಲಿ ಈ ಗುಳ್ಳೆಗಳನ್ನು ವರ್ಣಿಸಿದ. ಇವು ಹೆಣ್ಣಿನ ಅಂಡಗಳೇ ಎಂದು ಆತ ನಂಬಿದ್ದ. ಸಸ್ತನಿಗಳ ನಿಜವಾದ ಅಂಡವನ್ನು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇಯರ್ ಕಂಡುಹಿಡಿದದ್ದು 1827ರಲ್ಲಿ. ಅಂದರೆ ಈ ಪಾಪದ ಲೋಳೆಹನಿಗಳನ್ನು ಏನೋ ಮಹತ್ತರವಾದದ್ದು ಎಂದು ಭಾವಿಸುವ ಪರಿಪಾಠ ಇವತ್ತಿನದಲ್ಲ.

ಇನ್ನು ವರದಿಯ ಭಾಷೆ. ಸ್ಕ್ಯಾನಿಂಗ್ ಯಂತ್ರ ಶಬ್ದದ ಅಲೆಗಳನ್ನು ಕಳಿಸಿ ಅವುಗಳ ಮಾರ್ದನಿಯಿಂದ ಚಿತ್ರ ಕಟ್ಟುತ್ತದೆ. ದ್ರವದಲ್ಲಿ ಅಲೆಗಳು ತಡೆಯಿಲ್ಲದೆ ಹಾದುಹೋಗುವುದರಿಂದ ಅಲ್ಲಿ ಕಪ್ಪು ಚುಕ್ಕೆ, ಅದರ ಹಿಂದೆ ಹೊಳಪು ಮೂಡುತ್ತದೆ. ಇಷ್ಟು ಸ್ಪಷ್ಟವಾಗಿ ಎದ್ದು ಕಾಣುವ ವಸ್ತುವನ್ನು ರೇಡಿಯಾಲಜಿಸ್ಟ್ ಬರೆಯದೆ ಬಿಡುವಂತಿಲ್ಲ. ಕಂಡದ್ದನ್ನೆಲ್ಲ ಬರೆಯುವುದು ಅವರ ಕೆಲಸ. ಬರೆದದ್ದೆಲ್ಲ ಕಾಯಿಲೆಯಲ್ಲ ಎಂದು ವಿಂಗಡಿಸಿ ಹೇಳಬೇಕಾದದ್ದು ವರದಿ ಓದುವ ವೈದ್ಯರ ಕೆಲಸ. ನಿಮ್ಮ ವಿಷಯದಲ್ಲಿ ಎಡವಿರುವುದು ಈ ಎರಡನೆಯ ಮೆಟ್ಟಿಲಲ್ಲಿ. ‘ಬಲ್ಕಿ’ ಎಂದರೆ ದಪ್ಪಗೆ ಕಾಣುತ್ತದೆ ಎಂದಷ್ಟೇ. ಹೆರಿಗೆಯಾದವರ ಗರ್ಭಕಂಠ ಹೆರದವರದಕ್ಕಿಂತ ದಪ್ಪಗಿರುವುದು ಸಹಜ. ಹಲವು ಗುಳ್ಳೆಗಳು ಸೇರಿದರೆ ಇನ್ನೂ ತುಸು ಉಬ್ಬುತ್ತದೆ. ಸ್ಪೆಕ್ಯುಲಮ್ ಹಾಕಿ ಕಣ್ಣಾರೆ ನೋಡದೆ ಆ ಒಂದು ಪದಕ್ಕೆ ಅರ್ಥ ಕಟ್ಟಬಾರದು. ನಿಮ್ಮ ಪತ್ರದಲ್ಲಿ ಒಳಪರೀಕ್ಷೆಯ ಮಾತೇ ಇಲ್ಲ. ಪರೀಕ್ಷೆ ಮಾಡದೆ ಕಾಗದ ನೋಡಿಯೇ ಆಪರೇಷನ್ ಹೇಳಿದ್ದರೆ ಅದು ಸಲಹೆಯೇ ಅಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಗುಳ್ಳೆಯ ಜೊತೆಗೇ ಕಿವಿಗೆ ಬೀಳುವ ಇನ್ನೊಂದು ಮಾತು ‘ಗರ್ಭಕೋಶದ ಬಾಯಿಯಲ್ಲಿ ಹುಣ್ಣಾಗಿದೆ’. ಹೊರಕ್ಕೆ ಬಂದ ಲೋಳೆಯ ಹೊದಿಕೆ ಒಂದೇ ಸಾಲಿನ ಕೋಶಗಳದ್ದು ಎಂದೆನಲ್ಲ, ಅದರ ಮೂಲಕ ಕೆಳಗಿನ ರಕ್ತನಾಳಗಳು ಕಂಡು ಆ ಭಾಗ ಕೆಂಪಗೆ ತೋರುತ್ತದೆ. ಹಿಂದಿನವರು ಅದನ್ನು ಚರ್ಮ ಸವೆದ ಗಾಯವೆಂದು ತಿಳಿದು ಎರೋಷನ್ ಎಂದು ಕರೆದರು. ಅಲ್ಲಿ ಹುಣ್ಣೂ ಇಲ್ಲ, ಗಾಯವೂ ಇಲ್ಲ. ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ‘ಹುಣ್ಣು’ ಎಂಬ ಅನುವಾದ ನಮ್ಮ ಊರುಗಳ ಹೊರರೋಗಿ ಕೋಣೆಗಳಲ್ಲಿ ಇನ್ನೂ ಹಾಗೆಯೇ ಉಳಿದಿದೆ. ಹುಣ್ಣು ಎಂದೊಡನೆ ಕ್ಯಾನ್ಸರ್ ನೆನಪಾಗುತ್ತದೆ, ಕ್ಯಾನ್ಸರ್ ಎಂದೊಡನೆ ಮನೆಯವರು ಹೊಲ ಅಡವಿಟ್ಟಾದರೂ ದುಡ್ಡು ಹೊಂದಿಸುತ್ತಾರೆ.

ಗರ್ಭಕೋಶ ತೆಗೆದ ಮೇಲೆ ಅದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿಂದ ಬರುವ ವರದಿಯಲ್ಲಿ ‘ದೀರ್ಘಕಾಲದ ಗರ್ಭಕಂಠದ ಉರಿಯೂತ, ನಾಬೋಥಿಯನ್ ಸಿಸ್ಟ್‌ಗಳು’ ಎಂಬ ಸಾಲು ಎಷ್ಟು ಸಾಮಾನ್ಯವೆಂದರೆ, ನಾನು ಮುಂದಿನ ಪುಟ ತಿರುವುವ ಮೊದಲೇ ಊಹಿಸಿಬಿಡುತ್ತೇನೆ. ಮನೆಯವರು ಅದನ್ನೇ ತೋರಿಸಿ, ‘ನೋಡಿ, ಒಳಗೆ ಕಾಯಿಲೆ ಇತ್ತು, ತೆಗೆಸಿದ್ದು ಒಳ್ಳೆಯದಾಯಿತು’ ಎನ್ನುತ್ತಾರೆ. ಆರೋಗ್ಯವಾಗಿರುವ ನೂರು ನಡುವಯಸ್ಸಿನ ಹೆಂಗಸರ ಗರ್ಭಕಂಠವನ್ನು ಸೂಕ್ಷ್ಮದರ್ಶಕದಲ್ಲಿಟ್ಟರೂ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ ಎನ್ನುವುದು ಅವರಿಗೆ ಹೇಗೆ ತಿಳಿಯಬೇಕು?

ಈಗ ನಿಮ್ಮ ಚಿಂತೆಯ ಬೇರಿಗೆ ಬರೋಣ. ಅತ್ತೆಯ ತಂಗಿಯ ಸಾವು ನಿಮ್ಮನ್ನು ಕಾಡುತ್ತಿದೆ. ಅವರು ನಿಮಗೆ ರಕ್ತಸಂಬಂಧಿಯಲ್ಲ ಎನ್ನುವುದು ಒಂದು ಮಾತು. ಗರ್ಭಕಂಠದ ಕ್ಯಾನ್ಸರ್ ಬಹುಮಟ್ಟಿಗೆ ರಕ್ತದಲ್ಲಿ ಬರುವ ಕಾಯಿಲೆಯೇ ಅಲ್ಲ ಎನ್ನುವುದು ಅದಕ್ಕಿಂತ ಮುಖ್ಯವಾದ ಮಾತು. ಅದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದರ ಹಲವು ತಳಿಗಳಲ್ಲಿ 16 ಮತ್ತು 18 ಎಂಬ ಎರಡೇ ಸುಮಾರು ಶೇಕಡ 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಕಾರಣ. ದಾಂಪತ್ಯ ಜೀವನ ನಡೆಸುವ ಬಹುತೇಕರಿಗೆ ಒಮ್ಮೆಯಲ್ಲ ಒಮ್ಮೆ ಈ ವೈರಸ್ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಕೋಶಗಳು ಕೆಡುತ್ತ ಬಂದು, ಹತ್ತು ಹದಿನೈದು ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು. ವಿಚಿತ್ರವೆಂದರೆ ಇದು ಆಗುವುದೂ ಅದೇ ಗಡಿ ಪ್ರದೇಶದಲ್ಲಿ, ಹಳೆಯ ಹೊದಿಕೆ ಹೊಸದಕ್ಕೆ ದಾರಿ ಬಿಡುವ ಜಾಗದಲ್ಲಿ. ಗುಳ್ಳೆಗೂ ಕ್ಯಾನ್ಸರಿಗೂ ಇರುವ ನಂಟು ಇಷ್ಟೇ, ಇಬ್ಬರ ವಿಳಾಸ ಒಂದೇ ಬೀದಿಯದ್ದು. ಒಂದು ಇನ್ನೊಂದಾಗುವುದಿಲ್ಲ.

ಇಲ್ಲೇ ನೀವು ಗಮನಿಸಬೇಕಾದದ್ದು ಇರುವುದು. ಆ ಕೆಡುತ್ತಿರುವ ಕೋಶಗಳು, ಅಂದರೆ ಕ್ಯಾನ್ಸರಿನ ಮುಂಚಿನ ಹಂತ, ಸ್ಕ್ಯಾನಿಂಗ್‌ನಲ್ಲಿ ಕಾಣುವುದೇ ಇಲ್ಲ. ಅಪಾಯವಿಲ್ಲದ ಗುಳ್ಳೆ ಪರದೆಯ ಮೇಲೆ ಕಪ್ಪಗೆ ಎದ್ದು ಕಾಣುತ್ತದೆ. ಹುಡುಕಲೇಬೇಕಾದ ಬದಲಾವಣೆ ಹೊದಿಕೆಯ ಪದರದಲ್ಲಿ ಕೂದಲೆಳೆಯ ದಪ್ಪದಲ್ಲಿ ಅಡಗಿರುತ್ತದೆ. ಹಾಗಾಗಿ ‘ಸ್ಕ್ಯಾನಿಂಗ್ ಚೆನ್ನಾಗಿದೆ’ ಎಂದ ಮಾತ್ರಕ್ಕೆ ಗರ್ಭಕಂಠದ ತಪಾಸಣೆ ಆಯಿತೆಂದು ಯಾರೂ ತಿಳಿಯಬಾರದು, ‘ಗುಳ್ಳೆ ಇದೆ’ ಎಂದ ಮಾತ್ರಕ್ಕೆ ಹೆದರಲೂಬಾರದು. ನಿಮಗೆ ಬೇಕಾದ ಪರೀಕ್ಷೆ ಬೇರೆ, ಅದು ಆಪರೇಷನ್‌ಗಿಂತ ನೂರು ಪಾಲು ಸುಲಭದ್ದು. ಒಂದು ಎಚ್‌ಪಿವಿ ಪರೀಕ್ಷೆ. ಇನ್ನೊಂದು ಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಸ್ಮಿಯರ್. ಮೂರನೆಯದು ಸರ್ಕಾರಿ ಆಸ್ಪತ್ರೆಗಳಲ್ಲಿ ವಯಾ ಎಂದು ಕರೆಯುವ, ದುರ್ಬಲ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ. 30 ದಾಟಿದವರು 65ರವರೆಗೆ ಐದು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕೆಂದು ನಮ್ಮ ಸರ್ಕಾರಿ ಕಾರ್ಯಕ್ರಮ ಹೇಳುವುದು ಈ ಮೂರನೆಯದನ್ನು. ಎಚ್‌ಪಿವಿ ಪರೀಕ್ಷೆ ಸಿಗುವಲ್ಲಿ ಅದನ್ನೇ ಮಾಡಿಸಿ, ಅದು ಹೆಚ್ಚು ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆಯ ಒಲವೂ ಅದರ ಕಡೆಗೇ.

ವಯಾ ಪರೀಕ್ಷೆಯಲ್ಲಿ ಗುಳ್ಳೆಗಳು ಒಂದು ಸಣ್ಣ ಕಸರತ್ತು ಮಾಡಿಸುತ್ತವೆ. ಶೇಕಡ 3ರಿಂದ 5ರ ಆಮ್ಲ ಸವರಿ ಒಂದು ನಿಮಿಷ ಕಾದರೆ ಕೆಟ್ಟ ಕೋಶಗಳಿರುವ ಜಾಗ ದಟ್ಟ ಬಿಳಿಯಾಗಿ, ಅಂಚು ಗೆರೆ ಎಳೆದಂತೆ ಕಾಣುತ್ತದೆ. ಗುಳ್ಳೆಗಳು ಅಂಗಿಯ ಗುಂಡಿಯಂತೆ ದುಂಡಗೆ ಬೆಳ್ಳಗಿರುತ್ತವೆ, ಆದರೆ ಆಮ್ಲ ಸವರುವ ಮೊದಲೂ ಅವು ಹಾಗೆಯೇ ಇದ್ದವು. ಕಲಿಯುವ ದಿನಗಳಲ್ಲಿ ನಾನೂ ಗುಂಡಿಯನ್ನು ಕಲೆಯೆಂದು ಬರೆದು, ಹಿರಿಯ ಸಿಸ್ಟರ್ ಒಬ್ಬರಿಂದ ‘ಮೊದಲು ನೋಡಿದ್ದಿರೇನು ಡಾಕ್ಟ್ರೇ?’ ಎಂದು ಕೇಳಿಸಿಕೊಂಡವಳೇ. ಅಂದಿನಿಂದ ಆಮ್ಲದ ಬಟ್ಟಲಿಗೆ ಕೈ ಹಾಕುವ ಮುಂಚೆ ಒಮ್ಮೆ ಚೆನ್ನಾಗಿ ನೋಡುವ ಅಭ್ಯಾಸವಾಯಿತು.

2019ರಿಂದ 21ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ನನಗೆ ಸಿಟ್ಟೇ ಬರುತ್ತದೆ. ದೇಶದಲ್ಲಿ 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಆದವರು ಶೇಕಡ 1.9. ಅದೇ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನವರ ಪೈಕಿ ಗರ್ಭಕೋಶವನ್ನೇ ತೆಗೆಸಿಕೊಂಡವರು ಶೇಕಡ 3ಕ್ಕಿಂತ ಹೆಚ್ಚು. ವಯಸ್ಸಿನ ಗುಂಪು ಬೇರೆ ಬೇರೆ, ನಿಜ. ಆದರೂ ಹತ್ತು ನಿಮಿಷದ ಪರೀಕ್ಷೆಗಿಂತ ದೊಡ್ಡ ಆಪರೇಷನ್ ಹೆಚ್ಚು ಜನರಿಗೆ ತಲುಪಿದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವ ದೂರುಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳೂ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ನ್ಯಾಯಾಲಯ ಹೇಳಬೇಕಾಯಿತು. ಮಕ್ಕಳಾದ ಮೇಲೆ ಗರ್ಭಕೋಶ ಬೇಡದ ಖಾಲಿ ಚೀಲ ಎನ್ನುವ ಮಾತು ಸರಿಯಲ್ಲ. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅದರ ಕೆಲಸ ಬೇಗ ಕುಗ್ಗಿ ಮುಟ್ಟು ನಿಲ್ಲುವ ವಯಸ್ಸಿನ ಬಾಧೆಗಳು ಮೊದಲೇ ಶುರುವಾಗುತ್ತವೆ. ಅರಿವಳಿಕೆ, ಸೋಂಕು, ಮೂತ್ರನಾಳಕ್ಕೆ ಪೆಟ್ಟು ಬೀಳುವ ಸಾಧ್ಯತೆ ಬೇರೆ. ನಿಜವಾದ ಕಾರಣವಿದ್ದಾಗ ನಾನೇ ಈ ಆಪರೇಷನ್ ಮಾಡುತ್ತೇನೆ. ಲೋಳೆಗುಳ್ಳೆ ಆ ಕಾರಣಗಳ ಪಟ್ಟಿಯಲ್ಲಿಲ್ಲ.

ಹಾಗಾದರೆ ಗುಳ್ಳೆಗೆ ಎಂದೂ ಏನೂ ಮಾಡುವುದಿಲ್ಲವೆ? ಬಹಳ ಅಪರೂಪಕ್ಕೆ ಮೂರು ನಾಲ್ಕು ಸೆಂಟಿಮೀಟರಿನಷ್ಟು ಬೆಳೆದು ಒತ್ತಿದರೆ, ಅಥವಾ ಸ್ಮಿಯರ್ ತೆಗೆಯಲು ಅಡ್ಡವಾದರೆ ಚುಚ್ಚಿ ಲೋಳೆ ಬಿಡಿಸಬಹುದು. ಕೆಲವರು ವಿದ್ಯುತ್ತಿನಿಂದ ಸುಡುತ್ತಾರೆ. ನಿಮ್ಮದಕ್ಕೆ ಇದಾವುದೂ ಬೇಡ. ಸುಟ್ಟ ಜಾಗ ಮಾಯುವಾಗ ಮತ್ತೆ ಸಂದುಗಳ ಬಾಯಿ ಮುಚ್ಚಿ ಹೊಸ ಗುಳ್ಳೆಗಳು ಬರಬಹುದು ಎನ್ನುವುದು ಇದರಲ್ಲಿರುವ ತಮಾಷೆ. ಗುಳ್ಳೆಯಿಂದ ಗರ್ಭ ನಿಲ್ಲುವುದಕ್ಕೆ ತೊಂದರೆಯಿಲ್ಲ, ಗಂಡನಿಗೆ ಅಂಟುವುದಿಲ್ಲ, ಪಥ್ಯವೂ ಇಲ್ಲ.

ಒಂದು ಅಪವಾದವನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಗರ್ಭಕಂಠದ ಒಳಗ್ರಂಥಿಗಳಲ್ಲಿ ಹುಟ್ಟುವ ತೀರಾ ವಿರಳವಾದ ಒಂದು ಕ್ಯಾನ್ಸರ್ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆಗಳ ಗೊಂಚಲಿನಂತೆ ಕಾಣಬಹುದು. ಅದರ ಸುಳಿವು ಬಟ್ಟೆ ತೋಯುವಷ್ಟು ನೀರಿನಂಥ ಸ್ರಾವ, ಗೋಡೆಯ ಆಳಕ್ಕೆ ಇಳಿದ ಗುಳ್ಳೆಗಳು, ಅವುಗಳ ನಡುವೆ ಗಟ್ಟಿ ಭಾಗ. ಅಂಥ ಅನುಮಾನ ಬಂದರೆ ಎಂಆರ್‌ಐ ಮಾಡಿಸಿ, ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ನಿಮ್ಮ ವರದಿಯಲ್ಲಿ ಗಟ್ಟಿ ಭಾಗದ ಉಲ್ಲೇಖವಿಲ್ಲ. ಆದರೂ ಒಳಪರೀಕ್ಷೆ ಆಗಲೇಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಸಂಭೋಗದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ, ದುರ್ವಾಸನೆಯ ಅಥವಾ ರಕ್ತ ಬೆರೆತ ಸ್ರಾವ: ಇವುಗಳಲ್ಲಿ ಯಾವುದಿದ್ದರೂ, ಹಿಂದಿನ ವರದಿ ಏನೇ ಹೇಳಿದ್ದರೂ, ಕಾಯದೆ ತೋರಿಸಬೇಕು.

ನಿಮ್ಮ ಬಿಳಿಸೆರಗಿಗೆ ಗುಳ್ಳೆ ಹೊಣೆಯಲ್ಲ. ಮುಚ್ಚಿದ ಗುಳ್ಳೆಯಿಂದ ಏನೂ ಹೊರಗೆ ಬರುವುದಿಲ್ಲವಲ್ಲ! ಸ್ರಾವ ತಿಳಿಯಾಗಿದ್ದು, ತುರಿಕೆ ವಾಸನೆ ಇಲ್ಲದಿದ್ದರೆ ಅದು ಸಹಜವಾದದ್ದೇ ಇರಬಹುದು. ಒಡೆದ ಮೊಸರಿನಂತಿದ್ದು ತುರಿಕೆ ಇದ್ದರೆ ಶಿಲೀಂಧ್ರ. ಅದು ಪದೇ ಪದೇ ಬರುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಮೀನಿನ ವಾಸನೆ, ಹಸಿರು ಹಳದಿ ಬಣ್ಣ ಇದ್ದರೆ ಬೇರೆ ಸೋಂಕು. ಪ್ರತಿಯೊಂದಕ್ಕೂ ಬೇರೆ ಔಷಧ, ಎಲ್ಲವೂ ಸುಲಭವಾಗಿ ವಾಸಿಯಾಗುವಂಥವು.

ಹೆಚ್ಚಿನ ರಕ್ತಸ್ರಾವವನ್ನು ಮಾತ್ರ ಹಗುರವಾಗಿ ನೋಡಬೇಡಿ. ನಿಮ್ಮ ಮೂರು ದೂರುಗಳಲ್ಲಿ ನಿಜವಾಗಿ ತನಿಖೆ ಬೇಡುವುದು ಇದೇ, ಗುಳ್ಳೆಯ ಗದ್ದಲದಲ್ಲಿ ಎಲ್ಲರೂ ಮರೆತಿರುವುದೂ ಇದನ್ನೇ. ಈ ವಯಸ್ಸಿನಲ್ಲಿ ನಾರುಗೆಡ್ಡೆ, ಗರ್ಭಕೋಶದ ಒಳಪದರ ಅದರ ಸ್ನಾಯುವಿನೊಳಗೇ ಇಳಿಯುವ ಅಡಿನೋಮಯೋಸಿಸ್, ಥೈರಾಯ್ಡ್ ಏರುಪೇರು, ಅಂಡ ಬಿಡುಗಡೆಯಾಗದ ತಿಂಗಳುಗಳು ಇದಕ್ಕೆ ಕಾರಣವಾಗಬಹುದು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗರ್ಭಕೋಶದ ಒಳಪದರ ಎಷ್ಟು ದಪ್ಪ ಎಂದು ಅದೇ ಸ್ಕ್ಯಾನಿಂಗ್ ವರದಿಯಲ್ಲಿ ಬರೆದಿರುತ್ತಾರೆ, ನೀವು ಅದನ್ನು ತಿಳಿಸಿಲ್ಲ. ಅಗತ್ಯ ಬಿದ್ದರೆ ಒಳಪದರದ ತುಣುಕನ್ನು ಪರೀಕ್ಷಿಸುತ್ತಾರೆ. ರಕ್ತ ಕಡಿಮೆ ಮಾಡುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇರಿಸುವ, ಐದಾರು ವರ್ಷ ಕೆಲಸ ಮಾಡುವ ಹಾರ್ಮೋನ್ ಸಾಧನವಿದೆ. ಇವೆಲ್ಲ ಸೋತ ಮೇಲೆ ಆಪರೇಷನ್ ಮಾತು.

ಮುಟ್ಟು ನಿಂತು ನಾಲ್ಕೈದು ದಿನ ಬಿಟ್ಟು ಬೇರೊಬ್ಬ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಯಾದರೂ ಆಗುತ್ತದೆ. ಹಿಂದಿನ ಎರಡು ದಿನ ಸಂಭೋಗ ಬೇಡ, ಯೋನಿಯೊಳಗೆ ಇಡುವ ಮಾತ್ರೆ ಬೇಡ. ಹಳೆಯ ವರದಿಯನ್ನು ಮಡಚದೆ ತೆಗೆದುಕೊಂಡು ಹೋಗಿ, ಆದರೆ ಅದನ್ನು ಕೊನೆಯಲ್ಲಿ ಕೊಡಿ. ಮೊದಲು ತಿಂಗಳಿಗೆ ಎಷ್ಟು ದಿನ ರಕ್ತ ಹೋಗುತ್ತದೆ, ದಿನಕ್ಕೆ ಎಷ್ಟು ಪ್ಯಾಡ್ ಬದಲಿಸುತ್ತೀರಿ, ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ ಎನ್ನುವುದನ್ನು ಹೇಳಿ. ಜೊತೆಗೆ ನಿಮಗೆ ಆಪರೇಷನ್ ಮಾಡಿಸಿಕೊ ಎನ್ನುತ್ತಿರುವ ಮನೆಯವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ, ವೈದ್ಯರು ಹೇಳುವುದನ್ನು ಅವರೂ ಕೇಳಲಿ. ಸ್ಮಿಯರ್ ಅಥವಾ ಎಚ್‌ಪಿವಿ ಫಲಿತಾಂಶ, ಹಿಮೋಗ್ಲೋಬಿನ್, ಒಳಪದರದ ದಪ್ಪ ಈ ಮೂರು ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಆಗ ರಕ್ತಸ್ರಾವದ ವಿಷಯವನ್ನೇ ಹಿಡಿದು ವಿವರವಾಗಿ ಮಾತನಾಡೋಣ.